ಎಂಟನೇ ಕ್ಲಾಸಿನ ಆ ಪರೀಕ್ಷೆ ಎಲ್ಲಿಂದ ಬಂತು?

ವರ್ಷಕ್ಕೊಮ್ಮೆ ನಾವು ಒಂದು ಸುದ್ದಿ ಬರೆಯುತ್ತೇವೆ. ನಾಲ್ಕು ಸಾಲು, ಒಂದು ಗ್ರೂಪ್ ಫೋಟೊ. ‘ಎನ್‌ಎಂಎಂಎಸ್ ಪರೀಕ್ಷೆ: ಸರ್ಕಾರಿ ಶಾಲೆಯ ಆರು ಮಕ್ಕಳು ಆಯ್ಕೆ’. ಮಧ್ಯದಲ್ಲಿ ಹೆಡ್‌ಮಾಸ್ಟರು, ಅಕ್ಕಪಕ್ಕ ಮಕ್ಕಳು, ಹಿಂದೆ ಎಸ್‌ಡಿಎಂಸಿ ಅಧ್ಯಕ್ಷರು. ಪತ್ರಿಕೆಯಲ್ಲಿ ಅದಕ್ಕೆ ಸಿಗುವುದು ಅಷ್ಟೇ ಜಾಗ. ಇಲ್ಲಿ ಜಾಗದ ತೊಂದರೆ ಇಲ್ಲ, ಹಾಗಾಗಿ ಆ ಫೋಟೊದ ಹಿಂದಿರುವ ಉದ್ದದ ಕಥೆಯನ್ನು ಹೇಳುತ್ತೇವೆ.

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ಎಂಟನೇ ಕ್ಲಾಸಿನ ಮಕ್ಕಳಿಗೆ ಒಂದೇ ದಿನ ಎರಡು ಪೇಪರ್. ಒಂದೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಒಂದು ಬುದ್ಧಿ ಓಡಿಸುವ ಪೇಪರ್, ಮಕ್ಕಳ ಬಾಯಲ್ಲಿ ಅದು ‘ಮ್ಯಾಟ್’. ಇನ್ನೊಂದು ಗಣಿತ, ವಿಜ್ಞಾನ, ಸಮಾಜದ ಪೇಪರ್, ‘ಸ್ಯಾಟ್’. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಕೂಲಿ ಮಾಡುವ ಮನೆಯಲ್ಲಿ ಇದು ಮಗಳನ್ನು ಪಿಯುಸಿಗೆ ಕಳಿಸುವುದೋ ಬೇಡವೋ ಅನ್ನುವುದನ್ನು ತೀರ್ಮಾನಿಸುವ ದುಡ್ಡು.

ಆದರೆ ಇದು ಎಂಟನೇ ಕ್ಲಾಸಿಗೇ ಯಾಕೆ? ಸರ್ಕಾರಿ ಮತ್ತು ಅನುದಾನಿತ ಶಾಲೆಯವರಿಗೆ ಮಾತ್ರ ಯಾಕೆ? ಪಾಠದಲ್ಲಿ ಇಲ್ಲದ ‘2, 6, 12, 20 ಆದಮೇಲೆ ಯಾವ ಸಂಖ್ಯೆ’ ಅನ್ನುವಂಥ ಪ್ರಶ್ನೆಗಳನ್ನು ಕೇಳುವುದು ಯಾಕೆ? ಇವಕ್ಕೆಲ್ಲ ಒಂದೊಂದು ಹಿನ್ನೆಲೆ ಇದೆ.

ಪರೀಕ್ಷೆ ಇಲ್ಲದ ಕಾಲ

ಮೊದಲು ಸ್ಕಾಲರ್‌ಶಿಪ್ ಅಂದರೆ ಅರಮನೆಯ ಅಥವಾ ಸರ್ಕಾರದ ದೊಡ್ಡವರ ಕಣ್ಣಿಗೆ ಬೀಳುವುದು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದವರು. 1881ರಲ್ಲಿ ಬಿ.ಎ. ಮುಗಿಸಿ ಪುಣೆಗೆ ಎಂಜಿನಿಯರಿಂಗ್ ಓದಲು ಹೋದದ್ದು ಮೈಸೂರು ಸರ್ಕಾರದ ನೆರವಿನಿಂದ. 1913ರಲ್ಲಿ ಅಂಬೇಡ್ಕರ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡದ ಸಯಾಜಿರಾವ್ ಗಾಯಕವಾಡ್ ಮಹಾರಾಜರು ಕೊಟ್ಟ ತಿಂಗಳಿಗೆ 11.5 ಪೌಂಡಿನ ವಿದ್ಯಾರ್ಥಿವೇತನದಿಂದ. ಇಬ್ಬರ ಯೋಗ್ಯತೆಯ ಬಗ್ಗೆ ಯಾರಿಗೂ ಅನುಮಾನವಿಲ್ಲ. ಆದರೆ ಅರಮನೆಯ ಬಾಗಿಲಿನ ತನಕ ಹೋಗಲಾಗದೆ ಉಳಿದವರು ಎಷ್ಟು ಮಂದಿ ಅನ್ನುವುದು ಯಾವ ದಫ್ತರದಲ್ಲೂ ಇಲ್ಲ.

ಮೈಸೂರಿನಲ್ಲಿ ಈ ಪ್ರಶ್ನೆ ಎದ್ದು ನಿಂತದ್ದು 1918ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಹಿಂದುಳಿದ ಸಮುದಾಯಗಳಿಗೆ ನೌಕರಿಯಲ್ಲಿ ಪಾಲು ಕೊಡಬೇಕು, ಅದಕ್ಕೆ ಮೊದಲು ಅವರ ಮಕ್ಕಳಿಗೆ ವಿದ್ಯಾರ್ಥಿವೇತನ ಮತ್ತು ಹಾಸ್ಟೆಲ್ ಬೇಕು ಎಂದಿತು ಸಮಿತಿ. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ನೌಕರಿ ಹಂಚಿಕೆಯ ಮಾತು ಹಿಡಿಸಲಿಲ್ಲ. ಯೋಗ್ಯತೆಯೊಂದೇ ಅಳತೆ ಆಗಬೇಕು ಅನ್ನುವುದು ಅವರ ನಿಲುವು. ಅದೇ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಓದಿದ ಹಳ್ಳಿಯ ಹುಡುಗ ಯೋಗ್ಯತೆಯ ಪರ, ಮಹಾರಾಜರು ಇಲ್ಲದವರ ಪರ. ಈ ಜೋಡಿಯನ್ನು ನೆನಪಿಟ್ಟುಕೊಳ್ಳಿ, ನೂರು ವರ್ಷ ಆದಮೇಲೂ ನಮ್ಮ ಮಕ್ಕಳ ಪರೀಕ್ಷೆಯ ಹೆಸರಿನಲ್ಲಿ ಇವೆರಡೂ ಒಟ್ಟಿಗೆ ಕೂತಿವೆ.

ಪ್ಯಾರಿಸ್‌ನಿಂದ ಹೊರಟ ಪ್ರಶ್ನೆಪತ್ರಿಕೆ

ಇನ್ನು ಆ ‘ಮುಂದಿನ ಸಂಖ್ಯೆ ಯಾವುದು’ ಪ್ರಶ್ನೆಗಳ ವಿಷಯ. ಅವುಗಳ ಬೇರು ಫ್ರಾನ್ಸಿನಲ್ಲಿದೆ. 1905ರಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ ಎಂಬಿಬ್ಬರು ಮಕ್ಕಳ ಬುದ್ಧಿಶಕ್ತಿ ಅಳೆಯಲು ಒಂದು ಪರೀಕ್ಷೆ ಮಾಡಿದರು. ಅವರು ಹುಡುಕುತ್ತಿದ್ದದ್ದು ಜಾಣ ಮಕ್ಕಳನ್ನಲ್ಲ. ಶಾಲೆಯಲ್ಲಿ ಹಿಂದೆ ಬೀಳುವ, ಹೆಚ್ಚಿನ ಸಹಾಯ ಬೇಕಾದ ಮಕ್ಕಳನ್ನು ಗುರುತಿಸುವುದು ಅವರ ಕೆಲಸವಾಗಿತ್ತು.

ಅದೇ ಸಲಕರಣೆ ಅಮೆರಿಕಕ್ಕೆ ಹೋಗಿ ಮಗ್ಗುಲು ಬದಲಿಸಿತು. ಮೊದಲ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಸೈನಿಕರನ್ನು ಒಟ್ಟಿಗೆ ಕೂರಿಸಿ ಇಂಥ ಪರೀಕ್ಷೆ ಬರೆಸಿದರು. 1926ರಲ್ಲಿ ಕಾಲೇಜು ಪ್ರವೇಶಕ್ಕೆ ‘ಸ್ಯಾಟ್’ ಬಂತು. ನಮ್ಮ ಎಂಟನೇ ಕ್ಲಾಸಿನ ಸ್ಯಾಟ್ ಬೇರೆ, ಅದು ಬೇರೆ. ಹೆಸರು ಮಾತ್ರ ಒಂದೇ. ಸ್ಕಾಲರ್‌ಶಿಪ್‌ಗೂ ಇಂಥ ಪರೀಕ್ಷೆಗೂ ಗಂಟು ಬಿದ್ದದ್ದು 1934ರಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಮುಖ್ಯಸ್ಥ ಜೇಮ್ಸ್ ಕೊನಂಟ್ ಅವರಿಗೆ ದೊಡ್ಡ ಮನೆತನದ, ದುಬಾರಿ ಶಾಲೆಗಳ ಹುಡುಗರೇ ತಮ್ಮ ಕಾಲೇಜಿಗೆ ಬರುವುದು ಸಾಕಾಗಿತ್ತು. ದೂರದ ಸಣ್ಣ ಊರುಗಳ ಸಾಮಾನ್ಯ ಶಾಲೆಗಳ ಹುಡುಗರನ್ನು ಹುಡುಕಿ ಪೂರ್ತಿ ಖರ್ಚು ಕೊಟ್ಟು ಓದಿಸಲು ಈ ಪರೀಕ್ಷೆಯನ್ನು ಬಳಸಿದರು. ಊರಿನ ಶಾಲೆಯ ಪಾಠ ಹೇಗೇ ಇರಲಿ, ಹುಡುಗನ ತಲೆ ಚುರುಕಿದ್ದರೆ ಇದರಲ್ಲಿ ತಿಳಿಯುತ್ತದೆ ಅನ್ನುವುದು ಆಗಿನ ನಂಬಿಕೆ. ಪಾಠದಲ್ಲಿಲ್ಲದ ಪ್ರಶ್ನೆ ಕೇಳುವುದರ ಮೂಲ ಇದು. ನಂಬಿಕೆ ಪೂರ್ತಿ ನಿಜವೇನಲ್ಲ. ಇಂಥ ಪ್ರಶ್ನೆಗಳಿಗೂ ಅಭ್ಯಾಸ ಬೇಕು, ಅಭ್ಯಾಸಕ್ಕೆ ಪುಸ್ತಕ ಬೇಕು, ಹೇಳಿಕೊಡುವವರು ಬೇಕು. ಹಳೇ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿ ಭಾನುವಾರವೂ ಕ್ಲಾಸು ತೆಗೆದುಕೊಳ್ಳುವ ಮೇಷ್ಟ್ರು ಇರುವ ಶಾಲೆಯಿಂದಲೇ ವರ್ಷವರ್ಷವೂ ಮಕ್ಕಳು ಆಯ್ಕೆಯಾಗುವುದನ್ನು ನಾವು ನೋಡುತ್ತಲೇ ಇದ್ದೇವೆ. ಪಕ್ಕದ ಊರಿನ ಮಕ್ಕಳ ತಲೆ ಮೊಂಡು ಅಂತ ಅದರ ಅರ್ಥವಲ್ಲ.

ಕನ್ನಡಕ್ಕೂ ಈ ಪರೀಕ್ಷೆಗೂ ಹಳೆಯ ನಂಟಿದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ವಿ.ವಿ. ಕಾಮತ್ ಅನ್ನುವವರು ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿ 1934ರಲ್ಲಿ ಅದರ ವಿವರ ಪ್ರಕಟಿಸಿದರು. ‘ಬಿನೆ–ಕಾಮತ್ ಪರೀಕ್ಷೆ’ ಅನ್ನುವ ಹೆಸರಿನಲ್ಲಿ ಅದು ಇವತ್ತಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಕ್ಕಳಿಗೆ ಪ್ರಮಾಣಪತ್ರ ಕೊಡುವಾಗ ‘ಐಕ್ಯೂ ಟೆಸ್ಟ್’ ಅಂತ ಮಾಡುತ್ತಾರಲ್ಲ, ಅದರಲ್ಲಿ ಇದೂ ಒಂದು. ಅಂದರೆ ಸಹಾಯ ಬೇಕಾದವರನ್ನು ಹುಡುಕುವ ಮೂಲ ಕೆಲಸವನ್ನು ಅದು ನಮ್ಮಲ್ಲಿ ಬಿಟ್ಟಿಲ್ಲ.

ದೆಹಲಿಯ ಹತ್ತು ಮಕ್ಕಳು

ಸ್ವಾತಂತ್ರ್ಯ ಬಂದಮೇಲೆ ದೇಶಕ್ಕೆ ವಿಜ್ಞಾನಿಗಳು ಬೇಕಾಗಿದ್ದರು. 1961ರಲ್ಲಿ ಎನ್‌ಸಿಇಆರ್‌ಟಿ ಶುರುವಾಯಿತು. 1963ರಲ್ಲಿ ಅದು ‘ರಾಷ್ಟ್ರೀಯ ವಿಜ್ಞಾನ ಪ್ರತಿಭಾ ಶೋಧ’ ಅನ್ನುವ ಪರೀಕ್ಷೆ ನಡೆಸಿತು. ಮೊದಲ ವರ್ಷ ದೆಹಲಿಗೆ ಮಾತ್ರ, ಸ್ಕಾಲರ್‌ಶಿಪ್ ಹತ್ತೇ ಹತ್ತು. ಮರುವರ್ಷ ಇಡೀ ದೇಶಕ್ಕೆ ಹರಡಿ 350 ಮಾಡಿದರು.

ಆದರೆ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಬರವಣಿಗೆಯ ಜೊತೆಗೆ ಪ್ರಾಜೆಕ್ಟ್ ವರದಿ, ಸಂದರ್ಶನ. ಆ ಕಾಲದ ನಮ್ಮ ಹಳ್ಳಿಯ ಹೈಸ್ಕೂಲನ್ನು ನೆನೆಸಿಕೊಳ್ಳಿ. ವಿಜ್ಞಾನ ಕನ್ನಡದಲ್ಲಿ, ಪ್ರಯೋಗಾಲಯ ಅಂದರೆ ಬೀಗ ಹಾಕಿದ ಒಂದು ಬೀರು. ‘ಅಖಿಲ ಭಾರತ’ ಪರೀಕ್ಷೆಗೆ ನಮ್ಮ ಹುಡುಗರನ್ನು ಯಾರೂ ಬೇಡ ಅಂದಿರಲಿಲ್ಲ. ಭಾಷೆಯೇ ಬೇಡ ಅಂದಿತ್ತು.

ಇದು ಹೀಗೆ ಹದಿಮೂರು ವರ್ಷ ನಡೆಯಿತು. ಮಧ್ಯೆ 1971-72ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ಪ್ರತಿಭಾವಂತ ಮಕ್ಕಳಿಗೆಂದೇ ಹೈಸ್ಕೂಲು ಹಂತದ ಸ್ಕಾಲರ್‌ಶಿಪ್ ತಂದಿತು. ಅದರ ವಿಶೇಷ ಅಂದರೆ ಪಾಲನ್ನು ಬ್ಲಾಕ್‌ವಾರು ಹಂಚಿದ್ದು. ಪಟ್ಟಣದ ಮಗುವಿನ ಜೊತೆ ಸ್ಪರ್ಧೆ ಇಲ್ಲ, ನಿಮ್ಮ ಬ್ಲಾಕಿನವರ ಜೊತೆಗೆ ಮಾತ್ರ. ನಮ್ಮ ಅಭಿಪ್ರಾಯದಲ್ಲಿ ಈ ಇಡೀ ಚರಿತ್ರೆಯಲ್ಲಿ ಹಳ್ಳಿಯವರ ಕಷ್ಟ ತಿಳಿದು ಮಾಡಿದ ಮೊದಲ ಕೆಲಸ ಇದು. ಈಗ ಇದನ್ನು ನೆನೆಯುವವರೇ ಕಡಿಮೆ. ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ನಿವೃತ್ತ ಮೇಷ್ಟ್ರು ಯಾರಾದರೂ ಇದ್ದರೆ ಕೇಳಿ ನೋಡಿ.

1976ರಲ್ಲಿ ದೊಡ್ಡ ಬದಲಾವಣೆ ಆಯಿತು. ವಿಜ್ಞಾನ ಪ್ರತಿಭಾ ಶೋಧ ಹೋಗಿ ‘ರಾಷ್ಟ್ರೀಯ ಪ್ರತಿಭಾ ಶೋಧ’ ಆಯಿತು. ಅದೇ ಎನ್‌ಟಿಎಸ್‌ಇ. ಸಮಾಜ ವಿಜ್ಞಾನವೂ ಸೇರಿತು, ಸ್ಕಾಲರ್‌ಶಿಪ್ 500ಕ್ಕೆ ಏರಿತು. ಎಲ್ಲಕ್ಕಿಂತ ಮುಖ್ಯವಾಗಿ, ಸಂವಿಧಾನ ಒಪ್ಪಿದ ಭಾಷೆಗಳಲ್ಲಿ ಬರೆಯಲು ಅವಕಾಶ ಸಿಕ್ಕಿತು. ಅಂದರೆ ಕನ್ನಡದಲ್ಲಿ. 1985ರಿಂದ ಮೊದಲ ಸುತ್ತನ್ನು ರಾಜ್ಯಗಳೇ ನಡೆಸತೊಡಗಿದವು. ಆಮೇಲೆ 2000ದಲ್ಲಿ ಸ್ಕಾಲರ್‌ಶಿಪ್ ಸಂಖ್ಯೆ 1,000, 2019ರಲ್ಲಿ 2,000. ಪಿಯುಸಿಯಲ್ಲಿ ತಿಂಗಳಿಗೆ 1,250, ಡಿಗ್ರಿಯಲ್ಲಿ 2,000 ರೂಪಾಯಿ. ದುಡ್ಡಿಗಿಂತ ಹೆಸರೇ ದೊಡ್ಡದು. ಹೆಸರು ದೊಡ್ಡದಾದ ಮೇಲೆ ಕೋಚಿಂಗ್ ಸೆಂಟರುಗಳು ಬಿಟ್ಟಾವೆಯೇ? ನಗರಗಳಲ್ಲಿ ಆರನೇ ಕ್ಲಾಸಿನಿಂದಲೇ ‘ಎನ್‌ಟಿಎಸ್‌ಇ ಬ್ಯಾಚ್’ ಅಂತ ಬೋರ್ಡು ಬಂದವು. ಕನ್ನಡದ ಬಾಗಿಲು ತೆರೆದಿತ್ತು, ಆದರೆ ಒಳಗೆ ಸಾಲಿನಲ್ಲಿ ಮುಂದೆ ನಿಂತವರು ಬೇರೆಯವರು.

ಒಂದು ಮಾತು ಇಲ್ಲಿ ಸೇರಿಸಲೇಬೇಕು. 1999ರಲ್ಲಿ ವಿಜ್ಞಾನದಲ್ಲಿ ಆಸಕ್ತಿ ಇರುವ ಮಕ್ಕಳಿಗಾಗಿ ಕೆವಿಪಿವೈ, ಅಂದರೆ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ ಬಂತು. ಅದನ್ನು ನಡೆಸುತ್ತಿದ್ದದ್ದು ನಮ್ಮ ಬೆಂಗಳೂರಿನ ಐಐಎಸ್‌ಸಿ. ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. 2021ರಲ್ಲಿ ಭಾಷೆಯ ವಿಷಯ ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿತು, ಪಕ್ಕದ ತಮಿಳುನಾಡಿನವರು ಕೇಳಿದ್ದರು. ಮರುವರ್ಷ ಆ ಯೋಜನೆಯನ್ನೇ ‘ಇನ್‌ಸ್ಪೈರ್’ ಜೊತೆ ಸೇರಿಸಿಬಿಟ್ಟರು.

ಎನ್‌ಟಿಎಸ್‌ಇ ಕೂಡ ಈಗ ಇಲ್ಲ. ಅದಕ್ಕೆ ಒಪ್ಪಿಗೆ ಇದ್ದದ್ದು 2021ರ ಮಾರ್ಚ್ 31ರವರೆಗೆ. ಆಮೇಲೆ ಮುಂದಿನ ಆದೇಶದವರೆಗೆ ನಿಲ್ಲಿಸಲಾಗಿದೆ ಅಂತ ಎನ್‌ಸಿಇಆರ್‌ಟಿ ತಿಳಿಸಿತು. ಹಾಗಾಗಿ ಎಲ್ಲಾದರೂ ‘ಎನ್‌ಟಿಎಸ್‌ಇ ಗೈಡ್’ ಅಂತ ಪುಸ್ತಕ ಮಾರಲು ಬಂದರೆ ದುಡ್ಡು ಕೊಡುವ ಮೊದಲು ಶಾಲೆಯಲ್ಲಿ ಒಮ್ಮೆ ವಿಚಾರಿಸಿ.

ಎರಡು ‘ಎಂ’ ಇರುವ ಹೆಸರು

ಎನ್‌ಎಂಎಂಎಸ್ ಬಂದದ್ದು 2008ರಲ್ಲಿ. ಹೆಸರಿನಲ್ಲಿರುವ ಎರಡು ‘ಎಂ’ಗಳನ್ನು ಬಿಡಿಸಿ ನೋಡಿ. ಒಂದು ‘ಮೀನ್ಸ್’, ಅಂದರೆ ಮನೆಯ ಸ್ಥಿತಿ. ಇನ್ನೊಂದು ‘ಮೆರಿಟ್’, ಅಂದರೆ ಮಗುವಿನ ಯೋಗ್ಯತೆ. ಮಹಾರಾಜರ ಮಾತು ಒಂದು, ದಿವಾನರ ಮಾತು ಇನ್ನೊಂದು. ಎನ್‌ಟಿಎಸ್‌ಇಗೆ ಅಪ್ಪ ಕೂಲಿಯವನೋ ಡಾಕ್ಟರೋ ಅನ್ನುವುದು ಬೇಕಿರಲಿಲ್ಲ. ಇಲ್ಲಿ ಅದೇ ಮೊದಲ ಪ್ರಶ್ನೆ. ಮನೆಯ ವರಮಾನದ ಮಿತಿ ಶುರುವಿನಲ್ಲಿ ವರ್ಷಕ್ಕೆ 1.5 ಲಕ್ಷ, ಈಗ 3.5 ಲಕ್ಷ. ಖಾಸಗಿ ಶಾಲೆಯವರಿಗೆ ಇಲ್ಲ. ನವೋದಯ, ಕೇಂದ್ರೀಯ ವಿದ್ಯಾಲಯ, ಊಟ ವಸತಿ ಕೊಡುವ ಸರ್ಕಾರಿ ವಸತಿ ಶಾಲೆಯವರಿಗೂ ಇಲ್ಲ. ಅಲ್ಲಿ ಆಗಲೇ ಒಂದು ಸೌಲಭ್ಯ ಸಿಕ್ಕಿದೆ ಅನ್ನುವ ಲೆಕ್ಕ. ದಿನಾ ಮನೆಯಿಂದ ನಡೆದೋ ಬಸ್ಸು ಹತ್ತಿಯೋ ಹೋಗಿಬರುವ ಮಗುವಿಗೆಂದು ಉಳಿಸಿದ ಹಣ ಇದು.

ಎಂಟನೇ ಕ್ಲಾಸೇ ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲಿದೆ. ಎಂಟು ಮುಗಿದ ಮೇಲೆ ಶಾಲೆ ಬಿಡಿಸುವುದನ್ನು ತಡೆಯಬೇಕು ಅನ್ನುವುದು ಈ ಯೋಜನೆಯ ಉದ್ದೇಶವಾಗಿಯೇ ಬರೆದಿದೆ. ಮರುವರ್ಷ ಬಂದ ಶಿಕ್ಷಣ ಹಕ್ಕು ಕಾಯ್ದೆಯೂ ಆರರಿಂದ ಹದಿನಾಲ್ಕು ವರ್ಷದವರಿಗೆ, ಎಂಟನೇ ಕ್ಲಾಸಿನ ತನಕ ಮಾತ್ರ. ಕಾಯ್ದೆ ಕೈಬಿಡುವ ಜಾಗದಲ್ಲೇ ಈ ಸ್ಕಾಲರ್‌ಶಿಪ್ ಕೈಹಿಡಿಯುತ್ತದೆ. ಹಳ್ಳಿಯಲ್ಲಿ ಎಂಟರವರೆಗೆ ಊರಿನ ಶಾಲೆ, ಒಂಬತ್ತಕ್ಕೆ ಹೋಬಳಿ ಹೈಸ್ಕೂಲು. ಹೆಣ್ಣುಮಕ್ಕಳ ಓದು ನಿಲ್ಲುವುದು ಎಷ್ಟೋ ಸಲ ಈ ನಡುವಿನ ನಾಲ್ಕಾರು ಕಿಲೋಮೀಟರಿನಲ್ಲೇ. ಹಾಗಾಗಿ ಇದನ್ನು ಬಹುಮಾನ ಅಂತ ನೋಡಿದರೆ ಅರ್ಧ ತಪ್ಪಿದ ಹಾಗೆ. ಇದು ಬಸ್ ಚಾರ್ಜು, ಬಟ್ಟೆ, ನೋಟ್‌ಬುಕ್ಕಿನ ಹಣ.

ದೇಶಕ್ಕೆಲ್ಲ ವರ್ಷಕ್ಕೆ ಒಂದು ಲಕ್ಷ ಹೊಸ ಸ್ಕಾಲರ್‌ಶಿಪ್. ರಾಜ್ಯಗಳಿಗೆ ಮಕ್ಕಳ ಸಂಖ್ಯೆ ನೋಡಿ ಹಂಚಿದ್ದಾರೆ. ಕರ್ನಾಟಕದ ಪಾಲು 5,534. ಮೊದಲು ವರ್ಷಕ್ಕೆ 6,000 ರೂಪಾಯಿ ಇತ್ತು, 2017ರ ಏಪ್ರಿಲ್‌ನಿಂದ 12,000 ಮಾಡಿದರು. ಅದಾದಮೇಲೆ ಎಣ್ಣೆ, ಬೇಳೆ, ಬಸ್ ಟಿಕೆಟ್ಟು ಎಲ್ಲಿಗೆ ಹೋಗಿದೆ ಅಂತ ನಾವು ಹೇಳಬೇಕಿಲ್ಲ.

ಗೆದ್ದಮೇಲೆ ಕಳೆದುಕೊಳ್ಳುವುದು

ಅರವತ್ತು ವರ್ಷದಲ್ಲಿ ಬಾಗಿಲು ಹಳ್ಳಿಯ ಹತ್ತಿರ ಹತ್ತಿರ ಬಂತು. ಮೊದಲು ದೆಹಲಿ, ಆಮೇಲೆ ಇಂಗ್ಲಿಷ್ ಬಲ್ಲವರು, ಆಮೇಲೆ ಕನ್ನಡದವರು, ಕೊನೆಗೆ ಸರ್ಕಾರಿ ಶಾಲೆಯವರು. ಆದರೆ ಬಾಗಿಲು ದಾಟಿದ ಮೇಲೆ ಕಾಗದದ ಹೊಸಿಲು ಒಂದಿದೆ. ನಮ್ಮ ತಾಲ್ಲೂಕುಗಳಲ್ಲಿ ನಾವು ಕಂಡಿದ್ದು ಇದು: ಪರೀಕ್ಷೆಯಲ್ಲಿ ಸೋತ ಮಕ್ಕಳ ದುಃಖ ಒಂದು ವಾರದ್ದು, ಗೆದ್ದು ಆಮೇಲೆ ದುಡ್ಡು ಬರದ ಮನೆಗಳ ಸಿಟ್ಟು ವರ್ಷಗಟ್ಟಲೆಯದು.

ನಾವು ಮಾತಾಡಿಸಿದ ಒಂದು ಮನೆಯ ಹುಡುಗಿ ಆಯ್ಕೆಯಾಗಿದ್ದಳು. ಫೋಟೊ ಪತ್ರಿಕೆಯಲ್ಲಿ ಬಂದಿತ್ತು, ಊರಿನಲ್ಲಿ ಸನ್ಮಾನವೂ ಆಯಿತು. ಆ ಖುಷಿಯಲ್ಲೇ ಸೋದರಮಾವ ಅವಳನ್ನು ಪಟ್ಟಣದ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿದರು. ಇಷ್ಟು ಜಾಣೆಯನ್ನು ಸರ್ಕಾರಿ ಶಾಲೆಯಲ್ಲಿ ಯಾಕೆ ಬಿಡುವುದು ಅನ್ನುವುದು ಅವರ ಯೋಚನೆ. ಸ್ಕಾಲರ್‌ಶಿಪ್ ಅಲ್ಲಿಗೆ ಮುಗಿಯಿತು. ನಿಯಮದ ಪ್ರಕಾರ ಒಂಬತ್ತರಿಂದ ಹನ್ನೆರಡರವರೆಗೂ ಸರ್ಕಾರಿ, ಸ್ಥಳೀಯ ಸಂಸ್ಥೆಯ ಅಥವಾ ಅನುದಾನಿತ ಶಾಲೆಯಲ್ಲೇ ಓದಬೇಕು. ಪಿಯು ಕಾಲೇಜಿಗೂ ಇದೇ ಮಾತು. ಅನುದಾನವಿಲ್ಲದ ಖಾಸಗಿ ಕಾಲೇಜಿಗೆ ಸೇರಿದರೆ ಉಳಿದ ಎರಡು ವರ್ಷದ 24,000 ಇಲ್ಲ. ಫೀಸು ಕಟ್ಟಿ ಬಂದಮೇಲೆ ಇದು ಗೊತ್ತಾದರೆ ಏನು ಉಪಯೋಗ?

ಇನ್ನೊಂದು ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಹಣ ಬಂತು, ಹತ್ತರದ್ದು ಬರಲಿಲ್ಲ. ಸೈಬರ್ ಸೆಂಟರಿನಲ್ಲಿ ನೋಡಿಸಿದಾಗ ತಿಳಿಯಿತು, ಆ ವರ್ಷ ಅರ್ಜಿಯೇ ಹಾಕಿರಲಿಲ್ಲ. ಒಂದು ಸಲ ಆಯ್ಕೆಯಾದರೆ ನಾಲ್ಕು ವರ್ಷ ತಾನಾಗಿ ಬರುತ್ತದೆ ಅಂತ ಅಪ್ಪ ತಿಳಿದಿದ್ದರು. ಹಾಗಿಲ್ಲ. ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಮೊದಲ ವರ್ಷ ಹೊಸ ಅರ್ಜಿ, ಆಮೇಲೆ ಪ್ರತಿ ವರ್ಷ ನವೀಕರಣ. ಹಾಕಿದ ಅರ್ಜಿಯನ್ನು ಮೊದಲು ಶಾಲೆಯವರು, ಆಮೇಲೆ ಜಿಲ್ಲೆಯ ಅಧಿಕಾರಿ ಆನ್‌ಲೈನಿನಲ್ಲೇ ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಮಧ್ಯೆ ಎಲ್ಲಿ ನಿಂತರೂ ಹಣ ನಿಂತ ಹಾಗೆ. ಮಗುವಿನ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಹೆಸರು ಶಾಲೆಯ ದಾಖಲೆಯಲ್ಲಿ ಇರುವ ಹಾಗೇ ಇರಬೇಕು. ‘ಮಂಜುಳ’ ಮತ್ತು ‘ಮಂಜುಳಾ’ ನಮಗೆ ಒಬ್ಬಳೇ, ಕಂಪ್ಯೂಟರಿಗೆ ಇಬ್ಬರು.

ಅಂಕದ ಮೆಟ್ಟಿಲುಗಳನ್ನೂ ಹೇಳಿಬಿಡುತ್ತೇವೆ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಪರೀಕ್ಷೆಗೆ ಕೂರಲು ಏಳನೇ ಕ್ಲಾಸಿನಲ್ಲಿ ಶೇ 55, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50. ಪರೀಕ್ಷೆಯಲ್ಲಿ ಎರಡೂ ಪೇಪರ್ ಸೇರಿ ಶೇ 40, ಅಂದರೆ 180ಕ್ಕೆ 72. ಪರಿಶಿಷ್ಟರಿಗೆ ಶೇ 32. ಇಷ್ಟು ಬಂದರೆ ಪಾಸು ಮಾತ್ರ, ಆಯ್ಕೆ ಅಲ್ಲ. ಆಯ್ಕೆ ಪಟ್ಟಿ ಪೈಪೋಟಿಯ ಮೇಲೆ, ರಾಜ್ಯದ ಮೀಸಲಾತಿಯ ಪ್ರಕಾರ ಆಗುತ್ತದೆ. ಒಂಬತ್ತರಿಂದ ಹತ್ತಕ್ಕೆ ಮೊದಲ ಸಲಕ್ಕೇ ಪಾಸಾಗಬೇಕು, ಹನ್ನೊಂದರಿಂದ ಹನ್ನೆರಡಕ್ಕೂ ಹಾಗೇ.

ನಡುವಿನ ಮೆಟ್ಟಿಲು ಎಸ್‌ಎಸ್‌ಎಲ್‌ಸಿ. ಪಿಯುಸಿಯಲ್ಲೂ ಹಣ ಮುಂದುವರಿಯಬೇಕಾದರೆ ಅಲ್ಲಿ ಶೇ 60 ಬೇಕು, ಪರಿಶಿಷ್ಟರಿಗೆ ಶೇ 55. ಹೋದ ತಿಂಗಳು ಒಬ್ಬ ತಂದೆ ನಮ್ಮನ್ನು ಬಸ್ ಸ್ಟ್ಯಾಂಡಿನಲ್ಲಿ ತಡೆದು, ಮಗನಿಗೆ 58 ಬಂದರೆ ಏನಾದರೂ ದಾರಿ ಇದೆಯಾ ಅಂತ ಕೇಳಿದರು. ಸಾಮಾನ್ಯ ವರ್ಗದವರು. ನಿಯಮದಲ್ಲಿ ಇಲ್ಲ ಅಂದೆವು. ಹಾಗಾದರೆ ಪರೀಕ್ಷೆ ಇನ್ನೂ ಆಗಿಲ್ಲವಲ್ಲ, ಟ್ಯೂಷನ್‌ಗೆ ಹಾಕುತ್ತೇನೆ ಬಿಡಿ ಅಂದರು. ಟ್ಯೂಷನ್ ಫೀಸು ಎಷ್ಟು ಅಂತ ಕೇಳಿದೆವು. ತಿಂಗಳಿಗೆ ಸಾವಿರ.